ಟೇಪ್ ಹಿಡಿಯೋರು ಬೇಕು

ಕ್ರೀಡಾಕೂಟ ಅಂದರೆ ನಮ್ಮ ಕಣ್ಣು ಓಡುವವರ ಮೇಲೆ, ಹಾರುವವರ ಮೇಲೆ. ಅದೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವವರು, ಟೇಪ್ ಹಿಡಿಯುವವರು, ಚೆಸ್ಟ್ ನಂಬರಿಗೆ ಪಿನ್ ಚುಚ್ಚಿ ಕೊಡುವವರು ಇರುತ್ತಾರೆ. ನಾನು ಆ ಗುಂಪಿನವನು. ಮೈಸೂರಿನಲ್ಲಿ ಆಫೀಸ್ ಕೆಲಸ, ರಜೆ ಸಿಕ್ಕಿದರೆ ಮೈದಾನ. ಕಾಲೇಜಿನಲ್ಲಿ ಲಾಂಗ್ ಜಂಪ್ ಮಾಡುತ್ತಿದ್ದೆ. ಹಾರುವುದು ನಿಂತ ಮೇಲೂ ಆ ಮರಳಿನ ಪಿಟ್ ಬಿಟ್ಟಿರಲು ಮನಸ್ಸು ಬರಲಿಲ್ಲ.

ದಸರಾ ಬಂದರೆ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಸ್ವಯಂಸೇವಕರಿಗೆ ಬರ ಇರುವುದಿಲ್ಲ. ಟೀ ಶರ್ಟ್ ಇರುತ್ತದೆ, ಊಟ ಇರುತ್ತದೆ, ಹಬ್ಬದ ಸಡಗರವೂ ಇರುತ್ತದೆ. ಕೈ ಜಾಸ್ತಿ ಬೇಕಾಗುವುದು ಉಳಿದ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟ ಶುರುವಾಗುತ್ತದೆ. ಆಮೇಲೆ ತಾಲ್ಲೂಕು, ಜಿಲ್ಲೆ. ದಸರಾ ಮುಗಿದರೆ ಕಾಲೇಜುಗಳ ಕೂಟ. ಚಳಿಗಾಲದಲ್ಲಿ ರಸ್ತೆ ಓಟ, ಮಂಡ್ಯ ಕಡೆ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ. ಬೇಸಿಗೆಯಲ್ಲಿ ಮಕ್ಕಳ ಶಿಬಿರ. ವರ್ಷವಿಡೀ ಏನಾದರೂ ಇದ್ದೇ ಇರುತ್ತದೆ. ಇದರಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಹೋಬಳಿ ಕೂಟ.

ಅಲ್ಲಿನ ಪರಿಸ್ಥಿತಿ ಹೇಳ್ತೀನಿ. ಒಂದು ಪ್ರೌಢಶಾಲೆಯ ಮೈದಾನ. ಹತ್ತಾರು ಶಾಲೆಗಳ ಮಕ್ಕಳು, ಬೆರಳೆಣಿಕೆಯಷ್ಟು ಪಿಟಿ ಮೇಷ್ಟ್ರುಗಳು. ಒಂದು ಕಡೆ ನೂರು ಮೀಟರ್ ಓಟ, ಇನ್ನೊಂದು ಕಡೆ ಗುಂಡು ಎಸೆತ, ನಡುವೆ ಊಟದ ವ್ಯವಸ್ಥೆ. ಎಲ್ಲವನ್ನೂ ಅವರೇ ನೋಡಬೇಕು. ಇಂಥ ಕಡೆ ಕೆಲಸ ಗೊತ್ತಿರುವ ಒಬ್ಬರು ಲಾಂಗ್ ಜಂಪ್ ಪಿಟ್ ವಹಿಸಿಕೊಂಡರೆ ಮೇಷ್ಟ್ರಿಗೆ ಅರ್ಧ ಭಾರ ಇಳಿಯುತ್ತದೆ.

ನಾನು ಬೆಳಿಗ್ಗೆ ಬೇಗ ಹೋಗಿ ಮೊದಲು ಮರಳು ನೋಡುತ್ತೇನೆ. ಕಲ್ಲು, ಗಾಜಿನ ಚೂರು ಆರಿಸಬೇಕು, ಮಕ್ಕಳು ಬರಿಗಾಲಲ್ಲಿ ಹಾರುತ್ತಾರೆ. ಗುದ್ದಲಿಯಿಂದ ಅಗೆದು ಸಡಿಲ ಮಾಡಿ, ನೀರು ಚಿಮುಕಿಸಿ, ಹಾರುವಾಗ ಕಾಲೂರುವ ಹಲಗೆಯ ಮಟ್ಟಕ್ಕೆ ಸಮ ಮಾಡಬೇಕು. ಒಣ ಮರಳಿನಲ್ಲಿ ಹಿಮ್ಮಡಿಯ ಗುರುತು ನಿಲ್ಲುವುದಿಲ್ಲ, ಕುಸಿದು ಹೋಗುತ್ತದೆ. ಗುರುತು ಕುಸಿದರೆ ಅಳತೆ ಸುಳ್ಳಾಗುತ್ತದೆ.

ಮಗು ಹಾರಿತು ಅಂದುಕೊಳ್ಳಿ. ಮರಳಿನಲ್ಲಿ ಹಲಗೆಗೆ ಅತಿ ಹತ್ತಿರ ಬಿದ್ದ ಗುರುತು ಹುಡುಕಬೇಕು. ಅದು ಹಿಮ್ಮಡಿ ಇರಬಹುದು, ಹಿಂದಕ್ಕೆ ಊರಿದ ಅಂಗೈ ಇರಬಹುದು. ಟೇಪಿನ ಸೊನ್ನೆ ಅಲ್ಲಿಗೆ. ಇನ್ನೊಂದು ತುದಿಯನ್ನು ಹಲಗೆಯ ಗೆರೆಗೆ ನೇರವಾಗಿ, ಮೂಲೆಮಟ್ಟದಲ್ಲಿ ಎಳೆದು ಹಿಡಿಯಬೇಕು. ಓರೆಯಾಗಿ ಎಳೆದರೆ ದೂರ ಸುಮ್ನೆ ಜಾಸ್ತಿ ತೋರಿಸುತ್ತದೆ. 4 ಮೀಟರ್ 38 ಸೆಂಟಿಮೀಟರಿನ ಮೇಲೆ ಮಿಲಿಮೀಟರ್ ಎಷ್ಟೇ ಇರಲಿ, ಬರೆಯುವುದು 4.38. ಈ ಒಂದು ಸೆಂಟಿಮೀಟರಿನಲ್ಲೇ ಯಾರು ತಾಲ್ಲೂಕಿಗೆ ಹೋಗುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಅನ್ನುವುದು ತೀರ್ಮಾನ ಆಗುತ್ತದೆ.

ಹಾರುವ ಮೊದಲೇ ಮಕ್ಕಳನ್ನೆಲ್ಲ ಕೂರಿಸಿ ಒಂದು ಮಾತು ಹೇಳುತ್ತೇನೆ. 'ಬಿದ್ಮೇಲೆ ಹಿಂದಕ್ಕೆ ನಡ್ಕೊಂಡು ಬರ್ಬೇಡ್ರಪ್ಪ, ಮುಂದಕ್ಕೆ ಹೋಗಿ.' ಬಿದ್ದ ಗುರುತಿಗಿಂತ ಹಿಂದೆ ಕಾಲಿಟ್ಟು ಪಿಟ್‌ನಿಂದ ಹೊರಗೆ ಬಂದರೆ ಫೌಲ್. ಎಷ್ಟೋ ಮಕ್ಕಳಿಗೆ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ. ನರಸೀಪುರ ಕಡೆ ಒಂದು ಕೂಟದಲ್ಲಿ ಒಬ್ಬ ಹುಡುಗಿ ಚೆನ್ನಾಗಿ ಹಾರಿ, ಖುಷಿಗೆ ಗೆಳತಿಯರ ಕಡೆ ತಿರುಗಿಬಿಟ್ಟಳು. ಮರಳಲ್ಲೇ ಎದ್ದು ನಿಂತವಳಿಗೆ ನೆನಪಾಯಿತು. 'ಮುಂದಕ್ಕಲ್ವಾ ಸಾರ್?' ಅಂತ ಅಲ್ಲಿಂದಲೇ ಕೂಗಿ, ಎರಡು ಹೆಜ್ಜೆ ಮುಂದೆ ಜಿಗಿದು ಹೊರಗೆ ಹೋದಳು. ಆ ಹಾರಾಟಕ್ಕೇ ಅವಳಿಗೆ ಮೊದಲ ಸ್ಥಾನ ಬಂತು.

ಗುಂಡು ಎಸೆತದ ಗೆರೆ ಹಾಕುವುದನ್ನು ನನಗೆ ಕಲಿಸಿದ್ದು ಒಬ್ಬ ಹಿರಿಯ ಪಿಟಿ ಮೇಷ್ಟ್ರು. ಗುಂಡು ಬೀಳಬೇಕಾದ ಜಾಗದ ಎರಡು ಗೆರೆಗಳ ನಡುವೆ ನಿಯಮದ ಪ್ರಕಾರ ಕೋನ 34.92 ಡಿಗ್ರಿ. ಹಳ್ಳಿಯ ಮೈದಾನದಲ್ಲಿ ಅದನ್ನು ಅಳೆಯುವುದು ಹೇಗೆ? ಎಸೆಯುವವರು ನಿಲ್ಲುವ ವೃತ್ತದ ನಡುವಿನಿಂದ ಎರಡೂ ಕಡೆ 20 ಮೀಟರ್ ದಾರ ಎಳೆಯಿರಿ, ಆ ಎರಡು ತುದಿಗಳ ನಡುವೆ 12 ಮೀಟರ್ ಇರಲಿ. ಕೋನ ತಾನಾಗೇ ಸರಿಯಾಗುತ್ತದೆ. ಜಾಗ ಚಿಕ್ಕದಾದರೆ 10ಕ್ಕೆ 6.

ಸ್ಟಾಪ್‌ವಾಚ್ ಹಿಡಿಯುವುದಕ್ಕೂ ಕ್ರಮ ಇದೆ. ಗುರಿಯ ಗೆರೆಯಲ್ಲಿ ನಿಂತವರು ಗನ್ನಿನ ಸದ್ದು ಕೇಳಿ ಬಟನ್ ಒತ್ತಬಾರದು. ನೂರು ಮೀಟರ್ ದಾಟಲು ಸದ್ದಿಗೆ ಸುಮಾರು 0.3 ಸೆಕೆಂಡ್ ಬೇಕು. ಓಟಗಾರನ ಸಮಯ ಅಷ್ಟು ಕಡಿಮೆ ತೋರಿಸುತ್ತದೆ. ಹೊಗೆ ಅಥವಾ ಕಿಡಿ ಕಂಡ ತಕ್ಷಣ ಒತ್ತಬೇಕು. ಗನ್ ಇಲ್ಲದ ಕಡೆ ಕ್ಲಾಪರ್ ಇರುತ್ತದೆ, ಅದರ ಹಲಗೆಗಳು ಕೂಡುವುದನ್ನು ಕಣ್ಣಲ್ಲಿ ನೋಡಬೇಕು. ವಾಚಿನಲ್ಲಿ 12.31 ಬಂದರೆ ಮೇಲಕ್ಕೇರಿಸಿ ಬರೆಯುವುದು 12.4. ಮೂರು ವಾಚುಗಳು ಮೂರು ಸಮಯ ತೋರಿಸಿದರೆ ನಡುವಿನದು ಲೆಕ್ಕಕ್ಕೆ.

ಇಷ್ಟು ಕೈಗೂಡಿದ ಮೇಲೆ ದೊಡ್ಡ ಕೂಟಗಳಿಗೂ ಕರೆ ಬಂತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಒಂದು ರಾಷ್ಟ್ರಮಟ್ಟದ ಕೂಟದಲ್ಲಿ ಡೋಪಿಂಗ್ (ಉದ್ದೀಪನ ಮದ್ದು) ಪರೀಕ್ಷೆಯ ಶಾಪರೋನ್, ಅಂದರೆ ಕ್ರೀಡಾಪಟುವಿನ ಜೊತೆಗಿರುವವನು, ಆಗಿದ್ದೆ. ಪರೀಕ್ಷೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ವಿಷಯ ತಿಳಿಸಿದ ಗಳಿಗೆಯಿಂದ ಪರೀಕ್ಷೆಯ ಕೋಣೆ ಸೇರುವವರೆಗೆ ಅವರು ನಮ್ಮ ಕಣ್ಣಳತೆಯಲ್ಲೇ ಇರಬೇಕು. ಪದಕ ಕೊಡುವಾಗಲೂ ಜೊತೆಗೇ ಇರಬೇಕು. ಮೂತ್ರದ ಮಾದರಿ ಕನಿಷ್ಠ 90 ಮಿಲಿಲೀಟರ್ ಬೇಕು. ಬಿಸಿಲಲ್ಲಿ ಓಡಿ ಮೈಯೊಣಗಿದವರಿಗೆ ಅದು ಸುಲಭವಲ್ಲ, ಗಂಟೆಗಟ್ಟಲೆ ಕೂರುತ್ತಾರೆ. ಸೀಲ್ ಒಡೆಯದ ನೀರಿನ ಬಾಟಲಿಗಳನ್ನು ಮುಂದಿಟ್ಟು, ಅವರೇ ಆರಿಸಿಕೊಳ್ಳುವಂತೆ ಬಿಡಬೇಕು. ಸೋತು ಬಂದವರ ಪಕ್ಕದಲ್ಲಿ ಆ ಹೊತ್ತಿನಲ್ಲಿ ಜಾಸ್ತಿ ಮಾತಾಡದೆ ಕೂರುವುದು ನಾನು ಮೈದಾನದಲ್ಲಿ ಮಾಡಿದ ಕೆಲಸಗಳಲ್ಲೇ ಕಷ್ಟದ್ದು.

ಹೋಬಳಿ ಕೂಟ, ದೊಡ್ಡ ಕೂಟ ಎರಡರಲ್ಲೂ ಕೆಲಸ ಮಾಡಿ ನೋಡಿದವನಾಗಿ ಹೇಳುತ್ತೇನೆ, ಅನುಭವ ಇರುವ ಸ್ವಯಂಸೇವಕ ಹೆಚ್ಚು ಬೇಕಿರುವುದು ಕೆಳಗಿನ ಮಟ್ಟದಲ್ಲೇ. ದೊಡ್ಡ ಕೂಟದಲ್ಲಿ ಗುರಿ ಮುಟ್ಟುವುದನ್ನು ಸೆರೆಹಿಡಿಯುವ ಫೋಟೊ ಫಿನಿಷ್ ಕ್ಯಾಮೆರಾ ಇದೆ, ಗಾಳಿ ಅಳೆಯುವ ಯಂತ್ರ ಇದೆ, ತೀರ್ಪು ಒಪ್ಪದಿದ್ದರೆ ದೂರು ಕೊಡಲು ಸಮಿತಿ ಇದೆ. ಹೋಬಳಿಯಲ್ಲಿ ಇರುವುದು ಟೇಪ್ ಮತ್ತು ಅದನ್ನು ಹಿಡಿದವರ ನಿಯತ್ತು. ಅಲ್ಲಿ ತಪ್ಪಾಗಿ ಹೊರಬಿದ್ದ ಹುಡುಗಿ ಮುಂದಿನ ವರ್ಷ ಬರುತ್ತಾಳೆ ಅಂತ ಏನು ಖಾತ್ರಿ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಸುದ್ದಿ ಬಂದ ದಿನ ನನಗೆ ಕಣ್ಣು ತುಂಬಿ ಬಂತು. ಹಳ್ಳಿಯ ಮೈದಾನದಿಂದ ವಿಶ್ವಕಪ್‌ವರೆಗೆ ದಾರಿ ಇದೆ ಅಂತ ಈಗ ಈ ಭಾಗದ ಪ್ರತಿ ಮಗುವಿಗೂ ಗೊತ್ತು.

ಬರಬೇಕು ಅನ್ನುವವರು ಜೂನ್‌ನಲ್ಲೇ ನಿಮ್ಮ ಹತ್ತಿರದ ಪ್ರೌಢಶಾಲೆಯ ಪಿಟಿ ಮೇಷ್ಟ್ರನ್ನು ಕಂಡು ಹೆಸರು ಹೇಳಿ ಬನ್ನಿ. ಯಾವುದಾದರೂ ಒಂದೇ ಕೆಲಸ ಹಿಡಿಯಿರಿ. ಪಿಟ್ ಆದರೆ ಪಿಟ್, ವಾಚ್ ಆದರೆ ವಾಚ್. ಮೊದಲ ವರ್ಷ ಅದನ್ನೇ ಮಾಡಿ, ನಿಯಮ ಓದಿಕೊಳ್ಳಿ. ಸಂಬಳ ಇಲ್ಲ, ಬಸ್ ಚಾರ್ಜ್ ಕೈಯಿಂದಲೇ. ಮನೆಯವರಿಗೆ ಮೊದಲೇ ಹೇಳಿಬಿಡಿ, ಮಳೆಗಾಲದಲ್ಲಿ ಶನಿವಾರಗಳು ಸಿಗುವುದಿಲ್ಲ. ಟೋಪಿ, ನೀರು, ಒಂದು ಡಬ್ಬಿ ಸೇಫ್ಟಿ ಪಿನ್ ನೀವೇ ತನ್ನಿ. ಸ್ಟೀಲ್ ಟೇಪ್ ಇದ್ದರೆ ಅದನ್ನೂ ತನ್ನಿ. ಬಟ್ಟೆ ಟೇಪ್ ಹಳೆಯದಾದಂತೆ ಹಿಗ್ಗುತ್ತದೆ, ಶಾಲೆಗಳಲ್ಲಿ ಇರುವುದು ಹೆಚ್ಚಾಗಿ ಅದೇ.