ಗೇರ್ ಸೈಕಲ್ಲಿನ ಚೈನಿಗೆ ಮನೆಯಲ್ಲೇ ಮೇಣ: ಯಾವುದು, ಎಷ್ಟು, ಎಷ್ಟು ಬಿಸಿ

ಚಿಕ್ಕಮಗಳೂರಿನಲ್ಲಿ ಗೇರ್ ಸೈಕಲ್ ಓಡಿಸುವವರ ಚೈನಿಗೆ ವರ್ಷದಲ್ಲಿ ಎರಡು ಕಾಟ. ಡಿಸೆಂಬರಿನಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ತೋಟದ ರಸ್ತೆಗಳ ಕೆಂಧೂಳು. ಜೂನ್ ಹಿಡಿದರೆ ಬಿಡುವೇ ಕೊಡದ ಮಳೆ. ಎಣ್ಣೆ ಬಿಟ್ಟ ಚೈನು ಕೆಂಧೂಳಿನಲ್ಲಿ ಐವತ್ತು ಕಿಲೋಮೀಟರ್ ಓಡಿ ಬಂದರೆ ಸಾಕು, ಮುಟ್ಟಿದ ಕೈಗೆ ಕಾಡಿಗೆಯಂಥ ಪೇಸ್ಟ್ ಮೆತ್ತಿಕೊಳ್ಳುತ್ತದೆ. ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ತರಿತರಿಯಾಗಿರುತ್ತದೆ. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳೂ ಒಳತಟ್ಟೆಗಳೂ ಸವೆಯುವುದು ಈ ತರಿಯಿಂದಲೇ. ಬಿಸಿ ಮೇಣದಲ್ಲಿ ಅದ್ದಿದ ಚೈನಿನ ಮೈ ಒಣಗಿರುತ್ತದೆ, ಧೂಳು ಕೂರಲು ಅಲ್ಲಿ ಜಿಡ್ಡೇ ಇಲ್ಲ. ಒಣ ಕಾಲಕ್ಕೆ ನಾನು ಮೇಣ ಬಿಟ್ಟು ಬೇರೇನೂ ಹಾಕುವುದಿಲ್ಲ. ಮಳೆಗಾಲದ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೇಣದ ಆಯ್ಕೆಯಲ್ಲಿ ಜನ ಬೇಕಾದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಬೇಕಾಗಿರುವುದು ಪೂರ್ತಿ ಶುದ್ಧೀಕರಿಸಿದ ಪ್ಯಾರಾಫಿನ್, 58/60 ನಂಬರಿನದು. ನಂಬರು ಎಂದರೆ ಕರಗುವ ಬಿಸಿ, ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕ್ಯಾಂಡಲ್ ಮಾಡುವವರಿಗೆ ಕಚ್ಚಾ ಸಾಮಾನು ಕೊಡುವ ಅಂಗಡಿಯಲ್ಲಿ ಬಿಲ್ಲೆಯಾಗಿ ಸಿಗುತ್ತದೆ. ಅದು ಸಿಗದಿದ್ದರೆ ಕಾಲೇಜು ಪ್ರಯೋಗಾಲಯಗಳಿಗೆ ಸಾಮಾನು ಪೂರೈಸುವವರನ್ನು ಕೇಳಿ. ಅಂಗಾಂಶವನ್ನು ಮೇಣದೊಳಗೆ ಕೂರಿಸಿ ತೆಳ್ಳಗೆ ಸೀಳಲು ಅವರು ಕೊಡುವುದೂ ಹೆಚ್ಚುಕಡಿಮೆ ಇದೇ ನಂಬರಿನ ಕಾಳು ಪ್ಯಾರಾಫಿನ್. ಪೂರ್ತಿ ಶುದ್ಧೀಕರಿಸಿದ್ದರಲ್ಲಿ ಎಣ್ಣೆಯ ಅಂಶ ಶೇಕಡಾ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ. ಅರೆ ಶುದ್ಧೀಕರಿಸಿದ್ದು ಅಗ್ಗ, ಆದರೆ ಅದರಲ್ಲಿ ಎಣ್ಣೆ ಹೆಚ್ಚು. ಉಗುರಿನಿಂದ ಕೆರೆದಾಗ ಒಣಪುಡಿ ಉದುರಿದರೆ ಸರಿ. ಸಾಬೂನಿನಂತೆ ಸುರುಳಿ ಎದ್ದು ಬೆರಳು ಜಿಡ್ಡಾದರೆ ಕೊಳ್ಳಬೇಡಿ.

50ರ ಆಸುಪಾಸಿನಲ್ಲಿ ಕರಗುವ ಮೇಣ ಏಕೆ ಬೇಡ? ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಸೈಕಲ್ ಮಲಗಿದ್ದರೆ ಅದು ಮೆತ್ತಗಾಗಿ ಧೂಳು ಹಿಡಿಯುತ್ತದೆ. 66/68 ಆದರೆ ಗಡುಸು ಹೆಚ್ಚು, ಇಲ್ಲಿಯ ಜನವರಿ ಮುಂಜಾವಿನ ಚಳಿಯಲ್ಲಿ ಹೊಟ್ಟು ಹೊಟ್ಟಾಗಿ ಉದುರುತ್ತದೆ. 58/60 ಕೂಡ ಸ್ವಲ್ಪ ಉದುರುವುದು ನಿಜ. ಅದಕ್ಕೆ ಅರ್ಧ ಕಿಲೋ ಮೇಣಕ್ಕೆ 25 ಎಂಎಲ್ ಲಿಕ್ವಿಡ್ ಪ್ಯಾರಾಫಿನ್ ಸೇರಿಸುತ್ತೇನೆ, ಔಷಧಿ ಅಂಗಡಿಯಲ್ಲಿ ಸಿಗುವ, ಬಣ್ಣ ವಾಸನೆ ಇಲ್ಲದ ಎಣ್ಣೆ. 50 ಎಂಎಲ್ ಹಾಕಿದರೆ ಚೈನು ಮತ್ತೆ ಜಿಡ್ಡಾಗತೊಡಗುತ್ತದೆ, ಮೇಣ ಹಾಕಿದ್ದೇ ದಂಡ.

ಮನೆಯಲ್ಲಿರುವ ಕ್ಯಾಂಡಲ್ ಕರಗಿಸಿದರೆ ಆಗದೇ ಎನ್ನುವುದು ಎಲ್ಲರ ಮೊದಲ ಪ್ರಶ್ನೆ. ಬಿಳಿ ಕ್ಯಾಂಡಲ್‌ನಲ್ಲಿ ಗಡುಸು ಬರಲೆಂದು ಸ್ಟಿಯರಿಕ್ ಆಮ್ಲ ಬೆರೆಸಿರುವುದುಂಟು, ಅಂಥದ್ದು ಇನ್ನೂ ಬೇಗ ಉದುರುತ್ತದೆ. ಬಣ್ಣದ್ದು, ಪರಿಮಳದ್ದು ಬೇಡವೇ ಬೇಡ. ಜೆಲ್ ಕ್ಯಾಂಡಲ್ ಎಂದರೆ ಬಹುಪಾಲು ಮಿನರಲ್ ಆಯಿಲ್. ಸೋಯಾ ಮೇಣ ಮೆತ್ತಗೆ. ಮಲೆನಾಡಿನಲ್ಲಿ ಜೇನುಮೇಣಕ್ಕೇನು ಬರವಿಲ್ಲ, ಅದರ ಮೇಲೆ ಎಲ್ಲರಿಗೂ ಅಭಿಮಾನವೂ ಜಾಸ್ತಿ. ಆದರೆ ಅದರ ಗುಣವೇ ಅಂಟು. ಅರ್ಧ ಕಿಲೋದಲ್ಲಿ 25 ಗ್ರಾಂ ಇದ್ದರೆ ಮೇಣ ಉದುರುವುದು ಕಡಿಮೆಯಾಗುತ್ತದೆ, ಲಿಕ್ವಿಡ್ ಪ್ಯಾರಾಫಿನ್ ಬದಲು ಇದನ್ನು ಹಾಕಬಹುದು. ಅಷ್ಟಕ್ಕೇ ನಿಲ್ಲಿಸಿ. ಬರೀ ಜೇನುಮೇಣದಲ್ಲಿ ಅದ್ದಿದ ಚೈನು ಬೆರಳಿಗೆ ಹಲಸಿನ ಮೇಣದಂತೆ ಅಂಟುತ್ತದೆ.

ಪುಡಿಗಳ ವಿಷಯ. ದುಬಾರಿ ರೆಡಿಮೇಡ್ ಚೈನ್ ಮೇಣಗಳಲ್ಲಿ ಟಂಗ್‌ಸ್ಟನ್ ಡೈಸಲ್ಫೈಡ್, ಮಾಲಿಬ್ಡಿನಮ್ ಡೈಸಲ್ಫೈಡ್‌ನಂಥ ಪುಡಿಗಳಿರುತ್ತವೆ. ಸಾಂದ್ರತೆಯಲ್ಲಿ ಅವು ಕರಗಿದ ಮೇಣಕ್ಕಿಂತ ಹಲವು ಪಟ್ಟು ಹೆಚ್ಚು. ಸುಮ್ಮನೆ ಬಿಟ್ಟರೆ ತಳ ಸೇರುತ್ತವೆ, ಅದ್ದುವಾಗಲೆಲ್ಲ ಕಲಕುತ್ತಿರಬೇಕು. ಟೆಫ್ಲಾನ್ ಪುಡಿ ತಂದು ಅಡುಗೆಮನೆಯ ಒಲೆಯ ಹತ್ತಿರ ಬೆರೆಸುವುದನ್ನಂತೂ ನಾನು ಒಪ್ಪುವುದಿಲ್ಲ. ಹೆಚ್ಚು ಕಾದರೆ ಅದರ ಹೊಗೆ ಕೆಟ್ಟದ್ದು, ಆ ಜಾತಿಯ ಫ್ಲೋರಿನ್ ವಸ್ತುಗಳು ಮಣ್ಣು ನೀರು ಸೇರಿದರೆ ಕರಗಿ ಹೋಗುವಂಥವೂ ಅಲ್ಲ. ಹಿಮದ ಮೇಲೆ ಜಾರುವ ಸ್ಕೀಗಳಿಗೂ ಹೀಗೇ ಮೇಣ ಹಚ್ಚುತ್ತಾರೆ. ಅಲ್ಲಿ ಫ್ಲೋರಿನ್ ಇರುವ ಮೇಣವನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಸ್ಪರ್ಧೆಗಳಿಂದ ಪೂರ್ತಿ ನಿಷೇಧಿಸಿದೆ. ಕೈಮರ ದಾಟಿ ಮುಳ್ಳಯ್ಯನಗಿರಿ ಏರುವ ನಮ್ಮಂಥವರಿಗೆ ಬರೀ ಪ್ಯಾರಾಫಿನ್ ಧಾರಾಳವಾಯಿತು.

ಇಷ್ಟೆಲ್ಲ ಆಯ್ಕೆಗಿಂತ ಮುಖ್ಯವಾದದ್ದು ಚೈನು ತೊಳೆಯುವುದು. ಮೇಣ ನಿಲ್ಲಲಿಲ್ಲ, ನೂರು ಕಿಲೋಮೀಟರಿಗೇ ಕಿರ್ ಅಂತು ಎನ್ನುವವರಲ್ಲಿ ಬಹುತೇಕರು ತಪ್ಪಿರುವುದು ಇಲ್ಲೇ. ಹೊಸ ಚೈನಿನ ಮೇಲೆ ಕಾರ್ಖಾನೆಯ ದಪ್ಪ ಗ್ರೀಸ್ ಇರುತ್ತದೆ. ಅದು ಪಿನ್ನಿನ ಸುತ್ತ ತಿರುಗುವ ರೋಲರಿನ ಒಳಗೆ ಉಳಿದರೆ ಮೇಣ ಅಲ್ಲಿ ಲೋಹವನ್ನು ಹಿಡಿಯುವುದಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಚೈನು ಹಾಕಿ, ಮುಳುಗುವಷ್ಟು, ಅಂದರೆ ಸುಮಾರು 250 ಎಂಎಲ್, ಮಿನರಲ್ ಟರ್ಪೆಂಟೈನ್ ಸುರಿದು ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕಿ. ಅರ್ಧ ಗಂಟೆ ಬಿಟ್ಟು ಮತ್ತೆ ಕುಲುಕಿ, ಚೆಲ್ಲದೆ ಬೇರೆ ಬಾಟಲಿಗೆ ತುಂಬಿಡಿ. ಹೊಸ ಟರ್ಪೆಂಟೈನ್ ಹಾಕಿ ಇನ್ನೆರಡು ಸಲ. ಮೂರನೆಯ ಸಲ ದ್ರವ ತಿಳಿಯಾಗಿಯೇ ಉಳಿಯಬೇಕು, ಇಲ್ಲದಿದ್ದರೆ ನಾಲ್ಕನೆಯದು. ಬಾಟಲಿಗೆ ತುಂಬಿದ್ದು ನಾಲ್ಕು ದಿನದಲ್ಲಿ ತಳ ಕಟ್ಟಿ ಮೇಲೆ ತಿಳಿಯಾಗುತ್ತದೆ, ಮುಂದಿನ ಚೈನಿನ ಮೊದಲ ಸ್ನಾನಕ್ಕೆ ಆಗುತ್ತದೆ.

ಟರ್ಪೆಂಟೈನ್ ತಾನೂ ತೆಳುವಾದ ಜಿಡ್ಡು ಬಿಟ್ಟುಹೋಗುತ್ತದೆ, ಸೀಮೆಎಣ್ಣೆಯಾದರೆ ಇನ್ನೂ ಹೆಚ್ಚು. ಆದ್ದರಿಂದ ಕೊನೆಯ ಸ್ನಾನ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್‌ನದು, ಎರಡು ಸಲ. ಬಿಳಿ ಪಂಚೆಯ ಚಿಂದಿಯಲ್ಲಿ ಚೈನನ್ನು ಹಿಡಿದು ಎಳೆಯಿರಿ, ಕಲೆ ಬೀಳಬಾರದು. ಕಿವಿಯ ಹತ್ತಿರ ಹಿಡಿದು ಅಲುಗಿಸಿ: ಗ್ರೀಸ್ ಉಳಿದಿದ್ದರೆ ಸದ್ದು ಮಂಕು, ಹೋಗಿದ್ದರೆ ಬಳೆ ಅಲುಗಿದಂತೆ ಚಿಲಿಚಿಲಿ. ಪೆಟ್ರೋಲ್ ಬೇಡ; ಅದರ ಆವಿ ನೆಲದ ಮೇಲೆ ಹರಿದು ಒಲೆಯವರೆಗೆ ಹೋಗಿ ಹತ್ತಿಕೊಳ್ಳುತ್ತದೆ. ವಿನೆಗರ್, ಟಾಯ್ಲೆಟ್ ಆಸಿಡ್ ಕೂಡ ಬೇಡ. ಆಮ್ಲ ತಾಗಿದ ಗಟ್ಟಿ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಎದ್ದು ತಟ್ಟೆ ಸೀಳಬಹುದು. ತೊಳೆದ ಚೈನಿಗೆ ಈಗ ಯಾವ ರಕ್ಷಣೆಯೂ ಇಲ್ಲ, ಅದೇ ಹೊತ್ತಿನಲ್ಲಿ ಮೇಣಕ್ಕೆ ಇಳಿಸಿ. ಹಿಂದಿನ ಹಲ್ಲುಚಕ್ರಗಳ ಗೊಂಚಲು ಅಂದರೆ ಕ್ಯಾಸೆಟ್, ಮುಂದಿನ ಹಲ್ಲುಚಕ್ರ, ಗೇರ್ ಬದಲಿಸುವ ಡಿರೇಲರಿನ ಎರಡು ಪುಟ್ಟ ಗಾಲಿ, ಇವುಗಳ ಹಳೆ ಎಣ್ಣೆಯನ್ನೂ ತೆಗೆದಿರಬೇಕು. ಇಲ್ಲದಿದ್ದರೆ ಮೊದಲ ಹತ್ತು ಕಿಲೋಮೀಟರಿನಲ್ಲೇ ಅದು ಚೈನಿಗೆ ವಾಪಸ್.

ಮೇಣ ಕಾಯಿಸಲು ಒಂದು ಲೀಟರಿನ ಸ್ಟೀಲ್ ಡಬ್ಬಿ, ಅದನ್ನು ನೀರಿನ ಪಾತ್ರೆಯಲ್ಲಿ ಕೂರಿಸುವುದು. ನೇರ ಉರಿಯ ಮೇಲೆ ಇಡಲೇಬಾರದು. ಪ್ಯಾರಾಫಿನ್ 200 ಡಿಗ್ರಿಯ ಆಸುಪಾಸಿಗೆ ಹೋದರೆ ಅದರ ಆವಿ ಕಿಡಿ ತಾಗಿ ಹತ್ತಿಕೊಳ್ಳಬಲ್ಲದು. ಹತ್ತಿದರೆ ನೀರು ಸುರಿಯಬೇಡಿ, ಉರಿ ಆರಿಸಿ ಡಬ್ಬಿಯ ಬಾಯಿಗೆ ಮುಚ್ಚಳ ಹಾಕಿ. ನೀರಿನ ಪಾತ್ರೆಯಲ್ಲಿದ್ದರೆ ಈ ಭಯವಿಲ್ಲ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಮೇಣ ಅದನ್ನು ಮೀರಿ ಕಾಯುವ ಪ್ರಶ್ನೆಯೇ ಇಲ್ಲ. ಹಳೆಯ ಸೈಕಲ್ ಕಡ್ಡಿಯೊಂದನ್ನು ಕೊಕ್ಕೆಯಂತೆ ಬಗ್ಗಿಸಿ ಚೈನನ್ನು ಮಡಿಕೆ ಮಡಿಕೆಯಾಗಿ ಪೋಣಿಸಿಕೊಳ್ಳಿ. ಡಬ್ಬಿಯ ಬಾಯಿಗೆ ಅಡ್ಡಲಾಗಿ ಕೂರುವಂತಿದ್ದರೆ ಚೈನು ತಳ ಮುಟ್ಟುವುದಿಲ್ಲ. ಮುಟ್ಟಬಾರದು ಏಕೆಂದರೆ ಕೊಳೆಯೆಲ್ಲ ತಳದಲ್ಲೇ ಕೂರುವುದು.

ಮೇಣ 85-90 ಡಿಗ್ರಿಗೆ ಬಂದ ಮೇಲೆ ಚೈನು ಇಳಿಸಿ. ತಣ್ಣಗಿನ ಚೈನಿನ ಸುತ್ತ ಮೇಣ ಒಂದು ಕ್ಷಣ ಬೆಳ್ಳಗೆ ಹೆಪ್ಪುಗಟ್ಟಿ ಮತ್ತೆ ಕರಗುತ್ತದೆ. ಆಮೇಲೆ ರೋಲರುಗಳಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ಒಳಗಿನ ಗಾಳಿ ಹೊರಬಂದು ಮೇಣ ಒಳಹೋಗುತ್ತಿದೆ ಎಂದರ್ಥ. ಕಡ್ಡಿ ಹಿಡಿದು ಆಗಾಗ ಅಲ್ಲಾಡಿಸುತ್ತ ಗುಳ್ಳೆ ಪೂರ್ತಿ ನಿಲ್ಲುವವರೆಗೆ ಬಿಡಿ, ಹತ್ತು ನಿಮಿಷ ಬೇಕು. ಈಗಲೇ ಎತ್ತುವುದು ಸಾಮಾನ್ಯ ತಪ್ಪು. 90 ಡಿಗ್ರಿಯ ಮೇಣ ನೀರಿನಷ್ಟೇ ತೆಳು, ಒಳಗೆ ಹೋದದ್ದು ಹಾಗೇ ಇಳಿದು ಬರುತ್ತದೆ. ಒಲೆ ಆರಿಸಿ, ಡಬ್ಬಿಯನ್ನು ನೀರಿನಿಂದ ಎತ್ತಿಟ್ಟು 70 ಡಿಗ್ರಿಗೆ ಇಳಿಯಲು ಬಿಡಿ. ಥರ್ಮಾಮೀಟರ್ ಇಲ್ಲದವರು ಮೇಲ್ಮೈ ನೋಡಿ ಅಂದಾಜು ಮಾಡಬಹುದು: ಡಬ್ಬಿಯ ಅಂಚಿನಲ್ಲಿ ಹಾಲಿನ ಕೆನೆಯಂತೆ ಪೊರೆ ಕಟ್ಟುವುದಕ್ಕೆ ಸ್ವಲ್ಪ ಮುಂಚೆ. ಪೊರೆ ಕಟ್ಟಿದ ಮೇಲೆ ಎತ್ತಿದರೆ ಹೊರಗಡೆ ದಪ್ಪ ಪದರ ಕೂತು ಎಲ್ಲ ಗ್ಯಾರೇಜಿನ ನೆಲಕ್ಕೇ.

ಎತ್ತಿ ತೂಗುಹಾಕಿ, ಆರಿದ ಮೇಲೆ ಚೈನು ಕೋಲಿನಂತೆ ಸೆಟೆದಿರುತ್ತದೆ. ಗಾಬರಿ ಬೇಡ. ಪೊರಕೆಯ ಹಿಡಿಯಂಥ ದುಂಡನೆಯದರ ಮೇಲೆ ಎಳೆದು ಒಂದೊಂದು ಕೊಂಡಿಯನ್ನೂ ಎರಡೂ ಕಡೆಗೆ ಬಗ್ಗಿಸಿ, ಪಟಪಟ ಎಂದು ಬಿಡಿಸಿಕೊಳ್ಳುತ್ತದೆ. ಬಿಡಿಸದೆ ಹಾಕಿದರೆ ಗೇರ್ ತಾನಾಗಿಯೇ ಹಾರುತ್ತದೆ. ಬಿಡಿಸಿದರೂ ಮೊದಲ ನಾಲ್ಕೈದು ಕಿಲೋಮೀಟರ್ ಗೇರ್ ಬೀಳುವುದು ಮಂದವೇ. ಚೈನಿನ ಎರಡು ತುದಿ ಸೇರಿಸುವ ಕೂಡುಕೊಂಡಿಯನ್ನೂ ಚೈನಿನ ಜೊತೆಗೇ ಅದ್ದಿ. 11, 12 ಸ್ಪೀಡಿನ (ಅಂದರೆ ಹಿಂದೆ ಅಷ್ಟು ಹಲ್ಲುಚಕ್ರಗಳಿರುವ) ಶಿಮಾನೊ, ಸ್ರ್ಯಾಮ್ ಕೂಡುಕೊಂಡಿಗಳು ಒಂದೇ ಬಳಕೆಗೆ ಎಂದು ತಯಾರಕರೇ ಹೇಳುತ್ತಾರೆ. ಪದೇ ಪದೇ ಬಿಚ್ಚುವವರಿಗೆ ಮತ್ತೆ ಮತ್ತೆ ಬಳಸಲೆಂದೇ ಮಾಡಿದ ವಿಪ್ಪರ್‌ಮನ್ ಕಾನೆಕ್ಸ್ ಕೊಂಡಿ ವಾಸಿ.

ಒಮ್ಮೆ ಹಾಕಿದ ಮೇಣ ಡಾಂಬರು ರಸ್ತೆಯಲ್ಲಿ 250ರಿಂದ 300 ಕಿಲೋಮೀಟರ್, ತೋಟದ ಮಣ್ಣುರಸ್ತೆಯಾದರೆ 150. ಕಿರಿಕಿರಿ ಸದ್ದು ಬರುವವರೆಗೆ ಕಾಯಬೇಡಿ, ಸದ್ದು ಬಂತೆಂದರೆ ಪಿನ್ನು ಆಗಲೇ ಒಣಗಿದೆ. ಮೇಣದ ಸುಖ ಇರುವುದು ಎರಡನೆಯ ಸಲದಿಂದ. ಟರ್ಪೆಂಟೈನ್ ಬೇಕಿಲ್ಲ, ಕುದಿನೀರಿನಲ್ಲಿ ಎರಡು ಸಲ ಅದ್ದಿ ಅಲುಗಿಸಿದರೆ ಹಳೆ ಮೇಣ ಕೊಳೆಯ ಸಮೇತ ಬಿಟ್ಟುಕೊಳ್ಳುತ್ತದೆ. ಆ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಪೈಪಿನಲ್ಲಿ ಮೇಣ ಕಟ್ಟುತ್ತದೆ. ಆರಲು ಬಿಟ್ಟು, ಮೇಲೆ ತೇಲುವ ಬಿಲ್ಲೆ ತೆಗೆದು ಆಮೇಲೆ ಚೆಲ್ಲಿ. ಚೈನು ಪೂರ್ತಿ ಒಣಗುವುದು ಮುಖ್ಯ. ನೀರಿನ ಪಾತ್ರೆಯಲ್ಲಿ ಕಾಯುವ ಮೇಣ ನೀರು ಕುದಿಯುವ ಬಿಸಿಯನ್ನು ಮೀರುವುದಿಲ್ಲ, ಆದ್ದರಿಂದ ರೋಲರಿನೊಳಗೆ ಉಳಿದ ನೀರು ಕುದಿದು ಹೋಗುವುದೂ ಇಲ್ಲ. ಮೇಣ ಅದರ ಮೇಲೆಯೇ ಮುಚ್ಚಿಕೊಂಡು ಒಳಗಿಂದ ತುಕ್ಕು. ಬಿಸಿಲಿದ್ದರೆ ಒಂದು ಗಂಟೆ, ಇಲ್ಲದಿದ್ದರೆ ಹೇರ್ ಡ್ರೈಯರ್.

ಇನ್ನು ಮಳೆಗಾಲ. ಪ್ಯಾರಾಫಿನ್ ನೀರನ್ನು ದೂರವಿಡುತ್ತದೆ ನಿಜ, ಆದರೆ ತುಕ್ಕು ತಡೆಯುವ ಬೇರೆ ವಸ್ತು ಅದರಲ್ಲಿಲ್ಲ. ಹಲ್ಲು ಕಚ್ಚುವ ಜಾಗದಲ್ಲಿ ಮೇಣ ಸವೆದು ಲೋಹ ಬೆತ್ತಲಾಗಿರುತ್ತದೆ. ಮಳೆಯಲ್ಲಿ ಓಡಿಸಿ ಹಾಗೇ ಒರಗಿಸಿಟ್ಟರೆ ಮರುದಿನ ಬೆಳಿಗ್ಗೆ ಅಲ್ಲೆಲ್ಲ ಕಿತ್ತಳೆ ಬಣ್ಣ. ಪ್ರತಿ ನೆನೆದ ಸವಾರಿಯ ನಂತರವೂ ಮೇಣ ಹಾಕುವ ಉತ್ಸಾಹ ಇದ್ದರೆ ಹಾಕಿ. ಜುಲೈ ತಿಂಗಳ ಕೊಟ್ಟಿಗೆಹಾರದ ಕಡೆಯ ಮಳೆಗೆ ಅದು ನಡೆಯುವ ಮಾತಲ್ಲ. ಜೂನಿನಿಂದ ಸೆಪ್ಟೆಂಬರ್ ಅರ್ಧದವರೆಗೆ ನಾನು ಬೇರೆಯದೇ ಚೈನು ಹಾಕಿ ಮಳೆಗಾಲದ ದಪ್ಪ ಎಣ್ಣೆ ಬಿಡುತ್ತೇನೆ. ಮೇಣದ ಚೈನಿನ ಮೇಲೆಯೇ ಎಣ್ಣೆ ಬಿಡುವ ಆಸೆ ಬರುತ್ತದೆ, ಬಿಡಬೇಡಿ. ಎರಡೂ ಸೇರಿ ಲೋಳೆಯಾಗುತ್ತದೆ, ಆ ಚೈನನ್ನು ಆಮೇಲೆ ಡಬ್ಬಿಗೆ ಅದ್ದಿದರೆ ಅರ್ಧ ಕಿಲೋ ಮೇಣವೂ ಹಾಳು. ಮೇಣದ ಚೈನನ್ನು ಹೊಸದಾಗಿ ಅದ್ದಿ, ಬಿಡಿಸದೆ ಸೆಟೆದಂತೆಯೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಟ್ಟರೆ ನಾಲ್ಕು ತಿಂಗಳು ಕಳೆದರೂ ತುಕ್ಕಿಲ್ಲ.

ಎತ್ತಿಡುವ ಮುಂಚೆ ಸವಕಳಿ, ಅಂದರೆ ಸವೆದು ಚೈನು ಎಷ್ಟು ಉದ್ದವಾಗಿದೆ ಎಂದು ಅಳೆಯಿರಿ, ಅದೂ ಕುದಿನೀರಿನಲ್ಲಿ ತೊಳೆದ ಮೇಲೆ. ಒಳಗೆ ಮೇಣ ತುಂಬಿದ್ದಾಗ ಅಳತೆ ಕಡಿಮೆ ತೋರಬಹುದು. ಬಿಗಿಯಾಗಿ ಎಳೆದು, ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಆಚೆಯ ಪಿನ್ನಿನ ನಡುವಿನವರೆಗೆ ಸ್ಟೀಲ್ ಸ್ಕೇಲ್ ಇಡಿ. ಹೊಸದರಲ್ಲಿ 304.8 ಮಿಲಿಮೀಟರ್. 306.3 ದಾಟಿದರೆ 11, 12 ಸ್ಪೀಡಿನ ಚೈನು ಬದಲಿಸುವ ಕಾಲ. 8, 9, 10 ಸ್ಪೀಡಿನದಾದರೆ 307ರವರೆಗೆ ನಡೆಯುತ್ತದೆ.

ಡಬ್ಬಿಯ ಮೇಣ ಹಾಗೇ ಗಟ್ಟಿಯಾಗಲಿ. ಮುಂದಿನ ಸಲ ಸ್ವಲ್ಪ ಬಿಸಿ ಮಾಡಿ ಮಗುಚಿದರೆ ಇಡೀ ಬಿಲ್ಲೆ ಜಾರಿ ಬರುತ್ತದೆ, ಅಡಿಯ ಕಪ್ಪು ಪದರವನ್ನು ಚಾಕುವಿನಿಂದ ಅರ್ಧ ಸೆಂಟಿಮೀಟರ್ ಕೆರೆದು ಎಸೆಯಿರಿ. ಮತ್ತೆ ಕರಗಿಸುವಾಗ ಬಿಲ್ಲೆಯನ್ನು ತುಂಡು ಮಾಡಿ ಹಾಕುವುದು ಒಳ್ಳೆಯದು. ಇಡಿಯಾಗಿ ಇಟ್ಟರೆ ತಳ ಮೊದಲು ಕರಗಿ ಹಿಗ್ಗುತ್ತದೆ, ಮೇಲಿನ ಗಟ್ಟಿ ಮುಚ್ಚಳ ಬಿಡುವುದಿಲ್ಲ, ಸಂದಿ ಸಿಕ್ಕ ಕಡೆ ಬಿಸಿ ಮೇಣ ಚಿಮ್ಮಿ ಕೈಗೆ ಬೀಳುತ್ತದೆ.