ವರ್ಚುವಲ್ ಮೆಷಿನ್‌ನಲ್ಲಿ ವೈಫೈ ಕಾಣ್ತಿಲ್ವಾ?

ವರ್ಚುವಲ್‌ಬಾಕ್ಸ್ ಅಂದರೆ ಲ್ಯಾಪ್‌ಟಾಪ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮೆಷಿನ್) ಓಡಿಸುವ ತಂತ್ರಾಂಶ. ಅದರಲ್ಲಿ ಹಾಕಿದ ಉಬುಂಟುವಿಗೆ (ಒಂದು ಲಿನಕ್ಸ್ ಸಿಸ್ಟಮ್) ನೆಟ್ ಬರದಿದ್ದರೆ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 'ಬ್ರಿಡ್ಜ್ಡ್ ಅಡಾಪ್ಟರ್' ತೆಗೆದು 'ನ್ಯಾಟ್' ಇಡಿ. ಒಳಗೆ ವೈಫೈ ಪಟ್ಟಿ ಹುಡುಕುತ್ತಾ ಸುಮ್ನೆ ಕೂರಬೇಡಿ, ಅದು ಬರೋದೇ ಇಲ್ಲ. ನಿಜವಾದ ವೈಫೈ ಕಾರ್ಡ್ ಲ್ಯಾಪ್‌ಟಾಪ್‌ನ ಮೂಲ ಸಿಸ್ಟಮ್ ಕೈಯಲ್ಲೇ ಇರುತ್ತದೆ. ಉಬುಂಟುವಿಗೆ ಸಿಗೋದು ಕೇಬಲ್ ಕಾರ್ಡ್‌ನಂತೆ ತೋರುವ ಒಂದು ನಕಲು, ಅಷ್ಟೇ. ವೈಫೈ ರೂಟರ್ ಒಂದು ಕಾರ್ಡಿಗೆ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಅಂದುಕೊಂಡಿರುತ್ತದೆ. ಬ್ರಿಡ್ಜ್‌ನಲ್ಲಿ ಉಬುಂಟು ತನ್ನದೇ ಬೇರೆ ವಿಳಾಸ ತೋರಿಸುತ್ತದೆ. ಹಾಗಾಗಿ ಬ್ರಿಡ್ಜ್ ಎಷ್ಟೋ ಸಲ ಕೈಕೊಡುತ್ತದೆ. ನ್ಯಾಟ್‌ನಲ್ಲಿ ಎಲ್ಲವೂ ಲ್ಯಾಪ್‌ಟಾಪ್ ಹೆಸರಲ್ಲೇ ಹೋಗುತ್ತದೆ. ಟರ್ಮಿನಲ್‌ನಲ್ಲಿ 'ip a' ಕೊಟ್ಟಾಗ ಸಾಮಾನ್ಯವಾಗಿ 10.0.2.15 ಎಂಬ ಐಪಿ ವಿಳಾಸ ಕಾಣಬೇಕು. ಮೊಬೈಲ್‌ನಿಂದ ಉಬುಂಟುವಿನೊಳಗಿನ ಸರ್ವರ್ ತೆರೆಯಬೇಕಾದರೆ ಮಾತ್ರ ಇದು ಸಾಲದು, ಲ್ಯಾಪ್‌ಟಾಪ್‌ಗೆ ಬಂದ ಕೋರಿಕೆಯನ್ನು ಉಬುಂಟುವಿಗೆ ದಾಟಿಸುವ 'ಪೋರ್ಟ್ ಫಾರ್ವರ್ಡಿಂಗ್' ಹಾಕಬೇಕು. ಒಳಗೆ ವೈಫೈಯೇ ಬೇಕು ಅಂದರೆ ಪ್ರತ್ಯೇಕ ಯುಎಸ್‌ಬಿ ವೈಫೈ ಅಡಾಪ್ಟರ್ ಚುಚ್ಚಿ, ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ ಮೆನುವಿನಿಂದ ಅದನ್ನು ಉಬುಂಟುವಿಗೆ ಬಿಟ್ಟುಕೊಡಿ.