ಮದ್ದಳೆಯ ಎಡ ಕೇಳಿಸುವವರೆಗೆ

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ ಕಡೆಯಲ್ಲಿ ಹಿಮ್ಮೇಳ, ಅಂದರೆ ಹಾಡು ಮತ್ತು ವಾದ್ಯ, ಕಲಿಯುವವರಿಗೆ ಪಾಠದ ಕಾಲ ಆರಂಭವಾಗುತ್ತದೆ. ರಾತ್ರಿ ಆಟಗಳಿಲ್ಲ, ತೋಟದ ಕೆಲಸವೂ ಮಳೆ ಬಿಟ್ಟಾಗ ಮಾತ್ರ. ಗುರುಗಳು ವಾರಕ್ಕೆ ಒಂದು ದಿನ ಮದ್ದಳೆ ಹೇಳಿಕೊಡುತ್ತಾರೆ. ಉಳಿದ ಆರು ದಿನ ನಾನು ಮೊಬೈಲಿನಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕೇಳುತ್ತಾ ಅಭ್ಯಾಸ ಮಾಡುತ್ತೇನೆ.

ಕಳೆದ ಮಳೆಗಾಲದಲ್ಲಿ ಅವರು ಒಂದು ಏಕತಾಳದ ಪದ್ಯವನ್ನು ತೋರಿಸಿ, ಮದ್ದಳೆಗಾರರ ಎಡಗೈ ಎಲ್ಲೆಲ್ಲಿ ಬೀಳುತ್ತದೆ ಎಂದು ಕೇಳಿ ಗುರುತು ಮಾಡಿಕೊಂಡು ಬರಲು ಹೇಳಿದರು. ಇಪ್ಪತ್ತು ಸಲವಾದರೂ ಕೇಳಿದೆ. ಬಲ ಮುಚ್ಚಿಗೆಯ, ಅಂದರೆ ಬಲಬದಿಯ ಚರ್ಮದ ಮುಖದ, ಪೆಟ್ಟು ಸ್ಪಷ್ಟವಾಗಿತ್ತು, ಎಡದ ತುಂಬಿದ ನಾದ ಎಲ್ಲಿಯೂ ಇರಲಿಲ್ಲ. ಹೋಗಿ ಹಾಗೆಯೇ ಹೇಳಿದೆ. ಅವರು ನನ್ನ ಇಯರ್‌ಫೋನನ್ನು ಕಿವಿಗಿಟ್ಟು ಅರ್ಧ ಪದ್ಯ ಕೇಳಿ ತೆಗೆದರು. “ಭಾಗವತರು ಡಬ್ಬದೊಳಗೆ ಕುಳಿತು ಹಾಡಿದ ಹಾಗಿದೆ ಮಾರಾಯ. ಚಕ್ರತಾಳ ಮರಳು ಜರಡಿ ಹಿಡಿದಂತೆ ಕೇಳುತ್ತದೆ. ಇದನ್ನು ಕೇಳಿ ಕಲಿತರೆ ನಿನ್ನ ಮದ್ದಳೆಗೂ ಎಡ ಇರುವುದಿಲ್ಲ” ಎಂದರು. ಆ ಮಾತು ನನಗೆ ನಾಟಿತು. ಒಳ್ಳೆಯದನ್ನು ಕೇಳದೆ ಒಳ್ಳೆಯದನ್ನು ನುಡಿಸಲು ಆಗದು ಎಂಬುದನ್ನು ಅವರು ಮೊದಲಿನಿಂದಲೂ ಹೇಳುತ್ತಿದ್ದರು.

ನಮ್ಮಲ್ಲಿ ಮುರಕಲ್ಲಿನ ಗುಡ್ಡ ಕೊರೆದ ಸುರಂಗದಿಂದ ತೋಟಕ್ಕೆ ನೀರು ಬರುತ್ತದೆ. ಕೊನೆಯ ಅಡಿಕೆ ಮರದ ಬುಡಕ್ಕೆ ನೀರು ತಲುಪದಿದ್ದರೆ ಯಾರೂ ಹೊಸ ಸುರಂಗ ಕೊರೆಯಲು ಹೋಗುವುದಿಲ್ಲ. ಸುರಂಗದ ಬಾಯಿಯಿಂದ ಹಿಡಿದು ಕೆರೆ, ಪೈಪು, ಕಣಿ ಎಂದು ಒಂದೊಂದನ್ನೇ ನೋಡುತ್ತಾ ಬರುತ್ತೇವೆ. ಎರಡು ಸಾವಿರ ರೂಪಾಯಿಯ ಹೊಸ ಇಯರ್‌ಫೋನ್ ಕೊಳ್ಳಲು ಹೊರಟವನು ಅದನ್ನು ನಿಲ್ಲಿಸಿ, ಸ್ವರಕ್ಕೂ ಇದೇ ಕ್ರಮ ಹಿಡಿದೆ. ಪರೀಕ್ಷೆಗೆ ಅದೇ ಒಂದು ಪದ್ಯ. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಕೇಳುವುದು. ಎರಡು ವಾರ ಹಿಡಿಯಿತು.

ಮೊದಲ ಸೋರಿಕೆ ಆ್ಯಪಿನಲ್ಲೇ ಇತ್ತು. ನಾನು ಬಳಸುವುದು ಸ್ಪಾಟಿಫೈ. ಅದರ ಗುಣಮಟ್ಟದ ಆಯ್ಕೆ ‘ಸ್ವಯಂಚಾಲಿತ’ದಲ್ಲಿತ್ತು. ಅಂದರೆ ಸಿಗ್ನಲ್ ಚೆನ್ನಾಗಿದ್ದರೆ ಒಳ್ಳೆಯ ಸ್ವರ, ಇಲ್ಲದಿದ್ದರೆ ಇದ್ದಷ್ಟರಲ್ಲಿ ಸಾಗಿಸುವುದು. ಅದರ ಅತಿ ಕಡಿಮೆ ಹಂತ ಸೆಕೆಂಡಿಗೆ ಸುಮಾರು 24 ಕಿಲೋಬಿಟ್, ಸಾಮಾನ್ಯ ಹಂತ 96, ಹೆಚ್ಚಿನದು 160, ಹಣ ಕೊಡುವ ಕೆಲವು ಯೋಜನೆಗಳಲ್ಲಿ 320. ನಮ್ಮ ಮನೆಯಿರುವುದು ಎರಡು ಗುಡ್ಡಗಳ ನಡುವೆ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಟವರಿನ ಸಿಗ್ನಲ್ ಕೂಡ ಸೊರಗುತ್ತದೆ. ನಾನು ಇಪ್ಪತ್ತು ಸಲ ಕೇಳಿದ್ದು ಬಹುಶಃ ಕೆಳಗಿನ ಹಂತದ ಸ್ವರವನ್ನೇ.

ಕಡಿಮೆ ಬಿಟ್‌ನಲ್ಲಿ ಸ್ವರ ಸಣ್ಣದಾಗುವುದಿಲ್ಲ, ಕೆಡುತ್ತದೆ. ಇದು ಯಕ್ಷಗಾನ ಕೇಳುವವರಿಗೆ ಮುಖ್ಯವಾದ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಪಿ3ಯಂತಹ ಕ್ರಮಗಳು ಸ್ವರವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಕಿವಿಗೆ ಗೊತ್ತಾಗದು ಎನ್ನಿಸುವ ಅಂಶವನ್ನು ಬಿಟ್ಟುಬಿಡುತ್ತವೆ. ಎಳೆದು ಹಾಡಿದ ಆಲಾಪನೆಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಚೆಂಡೆಯ ಪೆಟ್ಟಿನಂತೆ ಮೌನದಿಂದ ಹಠಾತ್ತನೆ ಏಳುವ ಸ್ವರ ಬಂದಾಗ ಮಾತ್ರ ಆ ತುಂಡಿನಲ್ಲಾದ ದೋಷ ತುಂಡಿನ ಉದ್ದಕ್ಕೂ ಹರಡಿ, ಪೆಟ್ಟಿಗಿಂತ ಮೊದಲೇ ಒಂದು ಮಸುಕಾದ ಸಪ್ಪಳವಾಗಿ ಕೇಳಿಸುತ್ತದೆ. ಪೆಟ್ಟಿನ ಅಂಚು ಮೊಂಡಾಗುತ್ತದೆ. ಚಕ್ರತಾಳ ಮತ್ತು ಜಾಗಟೆಗಳ ಕಂಚಿನ ನಾದದಲ್ಲಿ ಎತ್ತರದ ಕಂಪನಗಳು ಬಹಳ. ಬಿಟ್ ಸಾಲದಾದಾಗ ಮೊದಲು ಹೋಗುವುದು ಅವೇ. ಗುರುಗಳು ಹೇಳಿದ ‘ಮರಳು ಜರಡಿ’ ಇದೇ. ಗಾಯನ ಮತ್ತು ವೀಣೆಯನ್ನು ಕೇಳುವವರಿಗೆ 96 ಸಾಕೆನ್ನಿಸಬಹುದು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳಕ್ಕೆ ಅದು ಸಾಲದು.

ಪರಿಹಾರ ಸುಲಭವಾಗಿತ್ತು. ಡೌನ್‌ಲೋಡ್ ಗುಣಮಟ್ಟವನ್ನು ಅತಿ ಹೆಚ್ಚಿಗೆ ಇಟ್ಟು, ಪೇಟೆಗೆ ಹೋದಾಗ ತಂಗಿಯ ಮನೆಯ ವೈಫೈಯಲ್ಲಿ ಬೇಕಾದ ಪದ್ಯಗಳನ್ನು ಇಳಿಸಿಕೊಂಡು ಬಂದೆ. ಮೊದಲು ಇಳಿಸಿದ್ದನ್ನು ಅಳಿಸಿ ಮತ್ತೆ ಇಳಿಸಬೇಕು. ಇದನ್ನು ತಿಳಿಯದೆ ನಾನು ಒಂದು ದಿನ ಕಳೆದೆ. 320ರಲ್ಲಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 144 ಎಂಬಿ ಬೇಕು. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಮೇಲಿನ ಹಂತ 256 ಕಿಲೋಬಿಟ್. ಅಲ್ಲಿಯೂ ಮೊಬೈಲ್ ಡೇಟಾ, ವೈಫೈ, ಡೌನ್‌ಲೋಡ್‌ಗಳಿಗೆ ಬೇರೆ ಬೇರೆ ಆಯ್ಕೆಗಳಿವೆ. ಒಂದನ್ನು ಬದಲಿಸಿ ಸುಮ್ಮನಾಗಬಾರದು.

ಮುದ್ರಣವೇ ಕೆಟ್ಟದಾಗಿದ್ದರೆ ಏನೂ ಮಾಡುವಂತಿಲ್ಲ. ನಮ್ಮ ಭಾಗವತಿಕೆಯ ಹಳೆಯ ಸಂಪತ್ತು ಹೆಚ್ಚಾಗಿ ಕ್ಯಾಸೆಟ್‌ಗಳಿಂದ ಬಂದದ್ದು. ಯಾರೋ ಒಮ್ಮೆ ಕಡಿಮೆ ಬಿಟ್‌ನಲ್ಲಿ ಮಾಡಿಟ್ಟ ಕಡತವನ್ನು ಇನ್ನೊಬ್ಬರು 320 ಮಾಡಿ ಹಂಚುತ್ತಾರೆ. ಕಡತ ದೊಡ್ಡದಾಗುತ್ತದೆ, ಹೋದ ನಾದ ಮರಳುವುದಿಲ್ಲ. ನನ್ನ ಬಳಿ ಹಾಗೆ ಬಂದಿದ್ದ ನಲವತ್ತಕ್ಕೂ ಹೆಚ್ಚು ಪದ್ಯಗಳನ್ನು ಕೇಳಿ ನೋಡಿ ಬೇರೆ ಇಟ್ಟೆ. ಮನೆಯಲ್ಲಿ ಮೂಲ ಕ್ಯಾಸೆಟ್ ಇರುವವರು ದಯವಿಟ್ಟು ಅದನ್ನು ಎಸೆಯಬೇಡಿ. ಎಂದಾದರೂ ಒಳ್ಳೆಯ ಡೆಕ್ ಸಿಕ್ಕಿದಾಗ ಅದರಿಂದ ಹೊಸದಾಗಿ ಇಳಿಸಬಹುದು.

ಇಷ್ಟಾದ ಮೇಲೆ ಚಕ್ರತಾಳ ಕಂಚಾಯಿತು. ಎಡ ಮಾತ್ರ ಬರಲಿಲ್ಲ.

ಮುಂದೆ ಮೊಬೈಲಿನ ಒಳಗೆ ಹುಡುಕಿದೆ. ಅಂಗಡಿಯಿಂದ ಬಂದಾಗಲೇ ‘ಸುತ್ತುವರಿದ ಸ್ವರ’ದ ಒಂದು ಆಯ್ಕೆ ಚಾಲೂ ಇತ್ತು. ಅದು ಭಾಗವತರನ್ನು ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ತಳ್ಳುತ್ತಿತ್ತು. ಅದನ್ನು ಆಫ್ ಮಾಡಿದೆ. ಕೆಳಸ್ವರ, ಮೇಲುಸ್ವರಗಳ ಪಟ್ಟಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ನಾನೇ ಹಿಂದೆ ಎಂದೋ ಕೆಳಸ್ವರಗಳನ್ನು ಮೇಲಕ್ಕೆ ಎಳೆದಿಟ್ಟಿದ್ದೆ. ಎಡ ಕೇಳಿಸಲೆಂದು ಅದನ್ನು ಇನ್ನೂ ಏರಿಸಿದಾಗ ಇಡೀ ಪದ್ಯ ಗವ್ವೆಂದು, ಚೆಂಡೆ ಏರಿದಲ್ಲಿ ಸ್ವರ ಒಡೆಯಿತು. ಮೊದಲೇ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಚೆಲ್ಲಲೇಬೇಕು. ಅಂದಿನಿಂದ ನಾನು ಯಾವ ಪಟ್ಟಿಯನ್ನೂ ಏರಿಸುವುದಿಲ್ಲ. ಹೆಚ್ಚಾದದ್ದನ್ನು ಇಳಿಸುತ್ತೇನೆ. ಚೆಂಡೆ ಕಿವಿಗೆ ಚುಚ್ಚುವ ಕೆಲವು ಮುದ್ರಣಗಳಿಗೆ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ 2 ಡೆಸಿಬೆಲ್ ಇಳಿಸುವುದುಂಟು. ಅದಕ್ಕಿಂತ ಇಳಿಸಿದರೆ ಪದ್ಯದ ಅಕ್ಷರಗಳು ಮಸುಕಾಗುತ್ತವೆ.

ಸ್ಪಾಟಿಫೈಯಲ್ಲಿ ಎಲ್ಲ ಹಾಡುಗಳನ್ನು ಒಂದೇ ಮಟ್ಟಕ್ಕೆ ತರುವ ಆಯ್ಕೆಯಲ್ಲಿ ‘ಜೋರು’ ಎಂಬುದೊಂದು ಇದೆ. ಅದನ್ನು ಇಟ್ಟುಕೊಂಡರೆ ಏರಿದ ಸ್ವರವನ್ನು ಒತ್ತಿ ಹಿಡಿಯುತ್ತದೆ. ನಿಧಾನಕ್ಕೆ ಆರಂಭವಾದ ಪದ್ಯ ಕೊನೆಗೆ ಚೆಂಡೆಯೊಂದಿಗೆ ಭುಗಿಲೇಳುವುದೇ ನಮ್ಮ ಆಟದ ಜೀವ. ಆ ಏರಿಳಿತವನ್ನು ಒತ್ತಿಹಾಕಲು ನನಗೆ ಮನಸ್ಸಿಲ್ಲ. ‘ಸಾಮಾನ್ಯ’ಕ್ಕೆ ತಂದೆ.

ಬ್ಲೂಟೂತ್ ಬಗ್ಗೆ ಜನ ಹೇಳುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ಎಲ್ಲ ಸಾಧನಗಳಲ್ಲೂ ಇರಲೇಬೇಕಾದ ಕೋಡೆಕ್ (ಸ್ವರವನ್ನು ಕಿರಿದಾಗಿಸಿ ಕಳುಹಿಸುವ ಕ್ರಮ) ಎಸ್‌ಬಿಸಿ. ಅದಲ್ಲದೆ ಎಎಸಿ, ಆಪ್ಟ್‌ಎಕ್ಸ್, ಎಲ್‌ಡಿಎಸಿ ಇವೆ. ಎಲ್‌ಡಿಎಸಿ 990 ಕಿಲೋಬಿಟ್‌ವರೆಗೆ ಹೋಗುತ್ತದೆ, ಆದರೆ ಮೊಬೈಲ್ ಮತ್ತು ಇಯರ್‌ಫೋನ್ ಎರಡರಲ್ಲೂ ಅದು ಇರಬೇಕು. ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಫೋನಿನ ಹೆಸರಿನ ಪಕ್ಕದ ಗುರುತನ್ನು ಒತ್ತಿ ‘ಎಚ್‌ಡಿ ಆಡಿಯೊ’ ಚಾಲೂ ಇದೆಯೇ ಎಂದು ನೋಡಿದರೆ ಸಾಕು. ನಿಜವಾಗಿ ಕಾಡಿದ್ದು ಬೇರೆ. ಕೆಲವೊಮ್ಮೆ ಸ್ವರ ಇದ್ದಕ್ಕಿದ್ದಂತೆ ದೂರವಾಣಿಯ ಕರೆಯಂತೆ ಆಗುತ್ತಿತ್ತು. ಹಿಂದೆ ತೆರೆದಿದ್ದ ಧ್ವನಿಮುದ್ರಣದ ಆ್ಯಪ್ ಇಯರ್‌ಫೋನಿನ ಮೈಕನ್ನು ಹಿಡಿದುಕೊಂಡಿತ್ತು. ಮೈಕ್ ಬಳಕೆಯಲ್ಲಿರುವಾಗ ಬ್ಲೂಟೂತ್ ಮಾತಿಗೆಂದೇ ಇರುವ ಕಿರಿದಾದ ದಾರಿಗೆ ಹೊರಳುತ್ತದೆ. ಆ ಆ್ಯಪನ್ನು ಮುಚ್ಚಿದೊಡನೆ ಸಂಗೀತ ಮರಳಿತು.

ಆದರೂ ಅಭ್ಯಾಸಕ್ಕೆ ನಾನು ತಂತಿಗೇ ಮರಳಿದೆ. ಮೊಬೈಲಿಗೆ ಇಯರ್‌ಫೋನ್ ಚುಚ್ಚುವ ದುಂಡನೆಯ ತೂತು ಇಲ್ಲದ್ದರಿಂದ ಕಾಸರಗೋಡು ಪೇಟೆಯಲ್ಲಿ ಟೈಪ್-ಸಿ ಕನೆಕ್ಟರ್ ಕೊಂಡೆ. ಇದರಲ್ಲಿ ಎರಡು ಬಗೆ. ಒಂದು ಬರೀ ತಂತಿಯ ಜೋಡಣೆ, ಇನ್ನೊಂದರೊಳಗೆ ಅಂಕಿಗಳನ್ನು ಸ್ವರವಾಗಿ ಮಾಡುವ ಚಿಪ್ ಇರುತ್ತದೆ. ಅದನ್ನು ಡಿಎಸಿ ಎನ್ನುತ್ತಾರೆ. ಹಲವು ಮೊಬೈಲ್‌ಗಳಲ್ಲಿ ಮೊದಲನೆಯದು ಕೆಲಸವನ್ನೇ ಮಾಡುವುದಿಲ್ಲ. ಅಂಗಡಿಯವರಿಗೆ ಮಲಯಾಳದಲ್ಲಿ ಇದನ್ನು ವಿವರಿಸಿ, ಅಲ್ಲಿಯೇ ಚುಚ್ಚಿ ಕೇಳಿ ತಂದೆ.

ಕೊನೆಗೆ ಎಡ ಸಿಕ್ಕಿದ್ದು ಕಿವಿಯ ಬಾಗಿಲಲ್ಲಿ. ಇಯರ್‌ಫೋನಿನೊಂದಿಗೆ ಬಂದ ಪೊಟ್ಟಣದಲ್ಲಿ ಸಣ್ಣ, ನಡು, ದೊಡ್ಡ ಎಂದು ಮೂರು ಜೊತೆ ರಬ್ಬರ್ ತುದಿಗಳಿದ್ದವು. ನಡುವಿನದ್ದನ್ನೇ ಹಾಕಿಕೊಂಡಿದ್ದೆ, ಉಳಿದವು ಮೇಜಿನ ಡ್ರಾವರಿನಲ್ಲಿದ್ದವು. ಕಿವಿಯ ತೂತು ಸರಿಯಾಗಿ ಮುಚ್ಚದಿದ್ದರೆ ಕೆಳಸ್ವರಗಳು ಆ ಸಂದಿನಿಂದ ಸೋರಿಹೋಗುತ್ತವೆ. ಮೇಲಿನ ಸ್ವರಗಳು ಉಳಿದು ಎಲ್ಲವೂ ತೆಳುವಾಗಿ ಕೇಳಿಸುತ್ತದೆ. ನನ್ನ ಎಡಗಿವಿಗೆ ದೊಡ್ಡದು, ಬಲಗಿವಿಗೆ ನಡುವಿನದು ಸರಿಹೊಂದಿತು. ತೊಡಿಸಿ ಪದ್ಯ ಹಾಕಿದೆ. ಮೊದಲ ಆವರ್ತನದಲ್ಲೇ ಎಡಗೈಯ ಆ ಗುಂಯ್ ಎನ್ನುವ ನಾದ ಬಲದ ಪೆಟ್ಟಿನ ಕೆಳಗೆ ತುಂಬಿಕೊಂಡು ಬಂತು. ನಾನು ಎದ್ದು ನಿಂತುಬಿಟ್ಟೆ. ಹಣ ಖರ್ಚಾಗದ ಈ ಒಂದು ಬದಲಾವಣೆ ಉಳಿದೆಲ್ಲವನ್ನೂ ಮೀರಿಸಿತು. ಇನ್ನೊಮ್ಮೆ ಆರಂಭಿಸುವುದಾದರೆ ಇಲ್ಲಿಂದಲೇ ಆರಂಭಿಸುತ್ತೇನೆ.

ತುದಿ ಸರಿಯಾಗಿ ಕುಳಿತರೆ ಹೊರಗಿನ ಮಳೆಯ ಸದ್ದೂ ಕಡಿಮೆಯಾಗುತ್ತದೆ. ಮೊದಲು ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ವಾಲ್ಯೂಮನ್ನು ಪೂರ್ತಿ ಏರಿಸುತ್ತಿದ್ದೆ, ಈಗ ಅರ್ಧಕ್ಕೆ ಸಾಕು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಚೆಂಡೆಯ ಪಕ್ಕದಲ್ಲೇ ಕುಳಿತು ಬೆಳೆಯುವ ನಮ್ಮಂಥವರು ಕಿವಿಯನ್ನು ಇನ್ನಷ್ಟು ಜೋಪಾನ ಮಾಡಬೇಕು.

ಸ್ವರದ ಯಾವ ಅಂಶವನ್ನೂ ಬಿಡದ, ‘ನಷ್ಟವಿಲ್ಲದ’ (ಲಾಸ್‌ಲೆಸ್) ಕಡತಗಳನ್ನೂ ನೋಡಿದೆ. ಸಿ.ಡಿ.ಯ ಗುಣಮಟ್ಟ ಎಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಸೆಕೆಂಡಿಗೆ 1,411 ಕಿಲೋಬಿಟ್. ಭಾವನನ್ನು ಕೂರಿಸಿ, ಯಾವುದೆಂದು ಹೇಳದೆ 320 ಮತ್ತು ಸಿ.ಡಿ. ಕಡತಗಳನ್ನು ಹತ್ತು ಸಲ ಬದಲಿಸಿ ಹಾಕಲು ಹೇಳಿದೆ. ಆರು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ಹಾಗಾಗಿ ಅದಕ್ಕೆ ಜಾಗ ಕೊಡಲಿಲ್ಲ.

ಈ ಹುಡುಕಾಟದಲ್ಲಿ ಇನ್ನೊಂದು ಸಿಕ್ಕಿತು. ತಂದೆಯವರ ಬಲಗಿವಿ ಮಂದವಾಗಿ ಹಲವು ವರ್ಷಗಳಾಗಿವೆ. ಅವರು ಎಡಗಿವಿಗೆ ಮಾತ್ರ ಇಯರ್‌ಫೋನ್ ಇಟ್ಟು ಕೇಳುತ್ತಾರೆ. ಕೆಲವು ಮುದ್ರಣಗಳಲ್ಲಿ ಮದ್ದಳೆ ಒಂದು ಬದಿಗೆ, ಚೆಂಡೆ ಇನ್ನೊಂದು ಬದಿಗೆ ಇರುವುದರಿಂದ ಅವರಿಗೆ ಅರ್ಧ ಹಿಮ್ಮೇಳವೇ ತಪ್ಪುತ್ತಿತ್ತು. ಮೊಬೈಲಿನ ಸೆಟ್ಟಿಂಗ್‌ನ ಪ್ರವೇಶಿಸುವಿಕೆ (ಆಕ್ಸೆಸಿಬಿಲಿಟಿ) ವಿಭಾಗದಲ್ಲಿ ‘ಮೊನೊ ಆಡಿಯೊ’ ಎಂಬ ಆಯ್ಕೆ ಇದೆ. ಅದು ಎರಡೂ ಬದಿಗಳನ್ನು ಕೂಡಿಸಿ ಕೊಡುತ್ತದೆ. ಅವರ ಮೊಬೈಲಿನಲ್ಲಿ ಅದನ್ನು ಒತ್ತಿ ಕೊಟ್ಟೆ. ಜಗಲಿಯಲ್ಲಿ ಕುಳಿತು ಕೇಳುತ್ತಿದ್ದವರು ಒಳಗೆ ನೋಡಿ, “ಈಗ ಚೆಂಡೆಯವರು ಬಂದರು” ಎಂದು ಕೂಗಿ ಹೇಳಿದರು.

ಮುಂದಿನ ಪಾಠದ ದಿನ ತಂತಿಯ ಇಯರ್‌ಫೋನನ್ನು ಗುರುಗಳಿಗೆ ಕೊಟ್ಟೆ. ಅವರ ಕಿವಿಗೆ ಸಣ್ಣ ತುದಿ ಸರಿಯಾಯಿತು. ಕಣ್ಣು ಮುಚ್ಚಿ ಪೂರ್ತಿ ಪದ್ಯ ಕೇಳಿದರು. ತೆಗೆದಿಟ್ಟು, “ಎಡ ಇದೆ. ಬಲ ಮುಚ್ಚಿಗೆ ಮಾತ್ರ ಕೊನೆಗೆ ಶ್ರುತಿಯಿಂದ ಒಂದಿಷ್ಟು ಇಳಿದಿದೆ. ಮಳೆಗಾಲದಲ್ಲಿ ಮುದ್ರಿಸಿದ್ದಿರಬೇಕು, ಚರ್ಮ ತಣಿದಿದೆ” ಎಂದರು. ಆಮೇಲೆ ನನ್ನ ಮದ್ದಳೆಯನ್ನು ಹತ್ತಿರ ಎಳೆದುಕೊಂಡು, ಬಲ ಮುಚ್ಚಿಗೆಯ ಮೇಲೆ ಬೆರಳಿಟ್ಟು ನೋಡಿದರು.